ಪರರಾಷ್ಟ್ರ ಸಹಾಯವೂ ಇರಕಲ್ಲಗಡದ ನೀರೂ



ಇರಕಲ್ಲಗಡವೆಂಬ ಊರಿನ ಹೆಸರನ್ನು ನಿಮ್ಮಲ್ಲಿ ಬಹುಮಂದಿ ಕೇಳಿರಲಾರಿರಿ. ಅದು ಕೊಪ್ಪಳ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಗ್ರಾಮ. ಸುತ್ತಮುತ್ತ ಕಲ್ಲುಗುಡ್ಡಗಳು, ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಹೊಲಗಳು, ಜೋಳ, ಸಜ್ಜೆ, ಶೇಂಗಾ, ಹೆಸರು ಮೊದಲಾದ ಬೆಳೆಗಳು. ಮಳೆ ತಪ್ಪಿದ ವರ್ಷ ಆ ಸೀಮೆಯ ಬಡವರು ಮನೆಗೆ ಬೀಗವಿಕ್ಕಿ, ಮಕ್ಕಳನ್ನು ಮುದುಕರ ವಶಕ್ಕೆ ಬಿಟ್ಟು ಗುಳೆ ಹೋಗುತ್ತಾರೆ. ಅಲ್ಲಿಂದ ಒಂದು ದಿನದ ನಡೆಯಷ್ಟು ದೂರದಲ್ಲಿ ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿಯುತ್ತದೆ. ನೀರು ಸಾಲುವ ವರ್ಷಗಳಲ್ಲಿ ಗಂಗಾವತಿಯ ಗದ್ದೆಗಳು ಎರಡು ಬತ್ತದ ಬೆಳೆಗಳನ್ನು ಕೊಡುತ್ತವೆ.

ಐಶ್ವರ್ಯವಂತ ರಾಷ್ಟ್ರಗಳು ಬಡರಾಷ್ಟ್ರಗಳಿಗೆ ನೀಡುವ ಸಹಾಯವನ್ನು ಕುರಿತು ಮಾತನಾಡಲು ಬಂದವನು ವಾಷಿಂಗ್ಟನ್ನಿನಿಂದಲೋ ಜಿನೀವಾದಿಂದಲೋ ಆರಂಭಿಸಬೇಕಾಗಿತ್ತಲ್ಲವೆ, ಈ ಗ್ರಾಮವೇಕೆ, ಎಂದು ನೀವು ಕೇಳಬಹುದು. ಆ ನಗರಗಳಲ್ಲಿ ನಿಂತು ನೋಡಿದರೆ ಹೊರಟ ಹಣ ಕಾಣುತ್ತದೆ. ಆ ಹಣ ಏನಾಯಿತೆಂಬುದನ್ನು ನೋಡಬೇಕಾದರೆ ಇರಕಲ್ಲಗಡದಂತಹ ಸೀಮೆಗೇ ಹೋಗಬೇಕು.

ಸಹಾಯದ ಹಿಂದಿರುವ ವಾದವೇನೋ ಸರಳವಾದುದು. ಬಡವನ ಸಂಪಾದನೆಯೆಲ್ಲವೂ ಹೊಟ್ಟೆಗೇ ವೆಚ್ಚವಾಗುತ್ತದೆ, ಉಳಿತಾಯವಿಲ್ಲ, ಉಳಿತಾಯವಿಲ್ಲದಲ್ಲಿ ಬಂಡವಾಳವಿಲ್ಲ, ಬಂಡವಾಳವಿಲ್ಲದೆ ಬಾವಿ, ಎತ್ತು, ಯಂತ್ರ, ವಿದ್ಯೆ ಯಾವುದೂ ಇಲ್ಲ, ಇವು ಇಲ್ಲದ ಕಾರಣ ಸಂಪಾದನೆ ಹೆಚ್ಚುವುದಿಲ್ಲ. ವ್ಯಕ್ತಿಗೆ ಹೇಗೋ ರಾಷ್ಟ್ರಕ್ಕೂ ಹಾಗೆ. ಈ ಚಕ್ರವನ್ನು ಹೊರಗಿನಿಂದ ಬಂದ ಹಣವೊಂದು ಮುರಿದರೆ ಆಮೇಲೆ ಗಾಡಿ ತಾನಾಗಿ ಓಡುವುದೆಂದು ಪಂಡಿತರು ನಂಬಿದರು. ನಂಬುವುದಕ್ಕೆ ಆಧಾರವೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ ನುಚ್ಚುನೂರಾಗಿದ್ದ ಪಶ್ಚಿಮ ಯೂರೋಪಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನವು ೧೯೪೮ರಿಂದ ೧೯೫೨ರವರೆಗೆ ಮಾರ್ಷಲ್ ಯೋಜನೆಯ ಮೂಲಕ ಸುಮಾರು ೧,೩೦೦ ಕೋಟಿ ಡಾಲರುಗಳನ್ನು ನೀಡಿತು. ಕೆಲವೇ ವರ್ಷಗಳಲ್ಲಿ ಆ ದೇಶಗಳು ಎದ್ದು ನಿಂತವು. ಅದೇ ಮದ್ದು ಆಫ್ರಿಕಾಕ್ಕೂ ಏಷ್ಯಾಕ್ಕೂ ಏಕೆ ಹಿಡಿಯಬಾರದು?

ಇಲ್ಲಿ ಒಂದು ಸಂಗತಿಯನ್ನು ಆ ಪಂಡಿತರು ಸಾಕಷ್ಟು ಗಮನಿಸಲಿಲ್ಲ. ಜರ್ಮನಿಯ ಸೇತುವೆ ಮುರಿದಿತ್ತು. ಸೇತುವೆ ಕಟ್ಟಬಲ್ಲ ಎಂಜಿನಿಯರು ಉಳಿದಿದ್ದನು. ಕಾರ್ಖಾನೆ ಸುಟ್ಟಿತ್ತು, ಲೆಕ್ಕ ಬರೆಯುವ ಗುಮಾಸ್ತ, ಹುಂಡಿಯನ್ನು ಗೌರವಿಸುವ ಬ್ಯಾಂಕು, ಕರಾರನ್ನು ಜಾರಿಗೊಳಿಸುವ ನ್ಯಾಯಾಸ್ಥಾನ, ಕೆಲಸ ಬಲ್ಲ ಕೂಲಿಗಾರ, ಇವೆಲ್ಲ ಇದ್ದವು. ಅಲ್ಲಿ ನಡೆದದ್ದು ಬಿದ್ದ ಮನೆಯ ಜೀರ್ಣೋದ್ಧಾರ. ಮನೆಯನ್ನೇ ಕಟ್ಟದಿದ್ದ, ಅಥವಾ ಕಟ್ಟಲು ಬಿಡದಿದ್ದ ನಾಡಿನ ಪರಿಸ್ಥಿತಿ ಬೇರೆ.

ಕೊಪ್ಪಳದ ಸೀಮೆಯನ್ನೇ ನೋಡೋಣ. ಕೊಪ್ಪಳವೂ ಯಲಬುರ್ಗಿಯೂ ನಿಜಾಮರ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರುಗಳಾಗಿದ್ದವು. ೧೮೭೬ರಲ್ಲಿ ಮೊದಲನೆಯ ಸಾಲಾರ್ ಜಂಗ್ ಅವರು ರೋಮ್ ನಗರದಲ್ಲಿ ಬೆಂಜೋನಿ ಎಂಬ ಶಿಲ್ಪಿಯ ಕೃತಿಯಾದ ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಪ್ರತಿಮೆಯನ್ನು ಕೊಂಡರು. ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಿ ಬೆರಗಾಗದವರಿಲ್ಲ. ಅದೇ ೧೮೭೬ರಲ್ಲಿ ಮಳೆ ತಪ್ಪಿ, ದಕ್ಷಿಣ ದೇಶದಲ್ಲಿ ೧೮೭೮ರವರೆಗೆ ನಡೆದ ಮಹಾಕ್ಷಾಮ ಆರಂಭವಾಯಿತು. ಬಳ್ಳಾರಿ ರಾಯಚೂರುಗಳ ಕಡೆ ಅದರ ಹೊಡೆತ ಬಹು ಕ್ರೂರವಾಗಿತ್ತು. ಪ್ರತಿಮೆಗೆ ತೆತ್ತ ಹಣ ಕೊಪ್ಪಳದ ಕಂದಾಯದಿಂದಲೇ ಬಂದುದೆಂದು ನಾನು ಹೇಳುತ್ತಿಲ್ಲ. ಸಾಲಾರ್ ಜಂಗ್ ಅವರು ಆಡಳಿತವನ್ನು ತಿದ್ದಿದ ದಕ್ಷ ದಿವಾನರೆಂದು ಹೆಸರು ಪಡೆದವರೂ ಹೌದು. ಕಂದಾಯವು ಯಾವ ದಿಕ್ಕಿಗೆ ಹರಿಯುತ್ತಿತ್ತೆಂಬುದನ್ನು ಮಾತ್ರ ತೋರಿಸುತ್ತಿದ್ದೇನೆ. ಜಹಗೀರುಗಳು ರದ್ದಾದದ್ದು ೧೯೪೯ರಲ್ಲಿ. ಅಲ್ಲಿಯವರೆಗೆ ಸರಕಾರದ ಭಾಷೆ ಉರ್ದು. ಕನ್ನಡದ ಮಕ್ಕಳಿಗೆ ಪ್ರೌಢವಿದ್ಯೆ ದುರ್ಲಭ. ಆ ನಷ್ಟ ಎಷ್ಟು ದೀರ್ಘಕಾಲದ್ದೆಂದರೆ, ೨೦೧೧ರ ಜನಗಣತಿಯಲ್ಲಿಯೂ ಅಕ್ಷರಸ್ಥರ ಪ್ರಮಾಣ ಕರ್ನಾಟಕದಲ್ಲಿ ಶೇಕಡಾ ೭೫.೩೬ ಇದ್ದರೆ ಕೊಪ್ಪಳ ಜಿಲ್ಲೆಯಲ್ಲಿ ೬೮.೦೯ ಮಾತ್ರ ಇದ್ದಿತು. ಕಾಂಗೋ ಆಗಲಿ ಹೈಟಿಯಾಗಲಿ, ಸಹಾಯ ಪಡೆದೂ ಮೇಲೇಳದ ದೇಶಗಳಲ್ಲಿ ಬಹಳಷ್ಟಕ್ಕೆ ಇಂತಹದೊಂದು ಪೂರ್ವಕಥೆಯುಂಟು: ಸಂಪತ್ತು ಹೊರಗೆ ಹೋಗುವ ದಾರಿ ಚೆನ್ನಾಗಿ ಸವೆದಿತ್ತು, ಒಳಗೆ ಬರುವ ದಾರಿಯೇ ಇರಲಿಲ್ಲ.

ಇನ್ನು ಪರದೇಶದ ಸಹಾಯ ನಮ್ಮ ಹಳ್ಳಿಗಳಿಗೆ ಯಾವ ರೂಪದಲ್ಲಿ ಬಂದಿತೆಂಬುದನ್ನು ನೋಡೋಣ. ಮೊದಲು ಬಂದದ್ದು ಧಾನ್ಯ. ಅಮೆರಿಕಾದ ೪೮೦ನೆಯ ಸಾರ್ವಜನಿಕ ಶಾಸನ ೧೯೫೪ರದು. ಅದರ ಮೇರೆಗೆ ಭಾರತದೊಡನೆ ಮೊದಲ ಒಪ್ಪಂದವಾದದ್ದು ೧೯೫೬ರಲ್ಲಿ. ಗೋಧಿ ಬಂದಿತು, ಜೋಳದ ರೊಟ್ಟಿಯನ್ನೇ ಉಂಡು ಬೆಳೆದ ಜನರಿಗೆ ಅಮೆರಿಕಾದ ಕೆಂಪು ಜೋಳವೂ ಬಂದಿತು. ಶಾಲೆಯ ಮಕ್ಕಳಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟೂ ಹಾಲಿನ ಪುಡಿಯೂ ದೊರೆತವು. ಆ ಉಪ್ಪಿಟ್ಟಿನ ರುಚಿಯನ್ನು ನೆನೆಯುವ ಹಿರಿಯರು ಇಂದಿಗೂ ಉಂಟು. ಹಸಿದ ಮಗುವಿನ ಹೊಟ್ಟೆಗೆ ಬಿದ್ದ ತುತ್ತನ್ನು ಹಳಿಯುವ ಅರ್ಥಶಾಸ್ತ್ರ ನನಗೆ ಬೇಡ. ಆದರೆ ಅದರ ಬೆಲೆ ಬೇರೊಂದು ಕಡೆ ತಿಳಿಯಿತು. ೧೯೬೫ರಲ್ಲಿಯೂ ೧೯೬೬ರಲ್ಲಿಯೂ ಮಳೆ ಕೈಕೊಟ್ಟಾಗ ಭಾರತವು ೧೯೬೬ರ ಒಂದೇ ವರ್ಷದಲ್ಲಿ ಒಂದು ಕೋಟಿ ಟನ್ನಿಗೂ ಮೇಲ್ಪಟ್ಟು ಧಾನ್ಯವನ್ನು ತರಿಸಬೇಕಾಯಿತು. ಅಧ್ಯಕ್ಷ ಜಾನ್ಸನ್ನರು ಹಡಗುಗಳನ್ನು ತಿಂಗಳು ತಿಂಗಳಿಗೆ ಅಳೆದು ಬಿಡುತ್ತಿದ್ದರು. ಅದೇ ವರ್ಷದ ಜೂನಿನಲ್ಲಿ, ಸಾಲ ಕೊಡುವವರ ಒತ್ತಾಯದ ನಡುವೆ, ಡಾಲರಿಗೆ ೪.೭೬ ರೂಪಾಯಿ ಇದ್ದುದು ೭.೫೦ ಆಯಿತು. ಬೇರೆಯವರ ಕೈಯ ತುತ್ತು ಉಣ್ಣುವ ರಾಷ್ಟ್ರಕ್ಕೆ ತನ್ನ ನಾಣ್ಯದ ಬೆಲೆಯನ್ನು ತಾನೇ ಗೊತ್ತುಮಾಡುವ ಸ್ವಾತಂತ್ರ್ಯವೂ ಕುಗ್ಗುತ್ತದೆ.

ಆ ಧಾನ್ಯದ ಬೆಲೆಯನ್ನು ಭಾರತವು ರೂಪಾಯಿಯಲ್ಲಿ ತೆರುತ್ತಿದ್ದಿತು. ಆ ರೂಪಾಯಿಗಳು ಅಮೆರಿಕಾದ ಲೆಕ್ಕದಲ್ಲಿ ನಮ್ಮ ದೇಶದಲ್ಲಿಯೇ ಬೆಟ್ಟದಂತೆ ಬೆಳೆದು, ಕೊನೆಗೆ ೧೯೭೪ರ ಫೆಬ್ರವರಿಯಲ್ಲಿ ರಾಯಭಾರಿ ಮೊಯ್ನಿಹನ್ನರು ೧,೬೬೪ ಕೋಟಿ ರೂಪಾಯಿಯ ಒಂದೇ ಚೆಕ್ಕನ್ನು ಭಾರತ ಸರಕಾರಕ್ಕೆ ಹಿಂದಕ್ಕೆ ಕೊಟ್ಟರು. ಅಷ್ಟು ದೊಡ್ಡ ಚೆಕ್ಕನ್ನು ಅದುವರೆಗೆ ಯಾರೂ ಬರೆದಿರಲಿಲ್ಲವೆಂದು ಹೇಳುತ್ತಾರೆ. ಕೊಟ್ಟವನಿಗೂ ಬೇಡವಾದ, ಪಡೆದವನಿಗೂ ಹೊರೆಯಾದ ದಾನ!

ಧಾನ್ಯದ ತರುವಾಯ ನೀರು. ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಹಿಂದೆ ಆ ಕಡೆಯ ಹೆಂಗಸರು ಸೇದುವ ಬಾವಿಯಿಂದಲೋ ಕೆರೆಯಿಂದಲೋ ಹಳ್ಳದ ಮರಳಿನಲ್ಲಿ ತೋಡಿದ ಒರತೆಯಿಂದಲೋ ನೀರು ತರುತ್ತಿದ್ದರು. ಬೇಸಗೆಯಲ್ಲಿ ಬಾವಿ ಬತ್ತುತ್ತಿತ್ತು. ಕೆರೆಯ ನೀರಿನಿಂದ ನಾರುಹುಣ್ಣು, ವಾಂತಿಭೇದಿ. ೧೯೭೦ರ ದಶಕದಲ್ಲಿ ಕಲ್ಲುಬಂಡೆಯನ್ನು ಕೊರೆಯುವ ಯಂತ್ರಗಳೂ ಅದರ ಜೊತೆಗೆ ಗಟ್ಟಿಮುಟ್ಟಾದ ಕೈಪಂಪೂ ಬಂದವು. ಈ ಪಂಪಿನ ಕಥೆ ಚೆನ್ನಾಗಿದೆ. ಹೊರದೇಶದ ಎರಕದ ಕಬ್ಬಿಣದ ಪಂಪುಗಳು ಒಂದು ಮನೆಯವರ ಬಳಕೆಗೆ ಆಗಿದ್ದವೇ ಹೊರತು ಇಡೀ ಊರು ದಿನವಿಡೀ ಜಗ್ಗುವುದಕ್ಕೆ ಅಲ್ಲ. ಬೇಗ ಮುರಿದು ಬೀಳುತ್ತಿದ್ದವು. ಸೊಲ್ಲಾಪುರದ ಕಡೆಯ ಕಾರ್ಯಾಗಾರವೊಂದರಲ್ಲಿ ಉಕ್ಕಿನ ಪಂಪು ತಯಾರಾಯಿತು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಅದನ್ನು ಆಧಾರವಾಗಿಟ್ಟುಕೊಂಡು, ಮದರಾಸಿನ ಕಾರ್ಖಾನೆಯ ನೆರವಿನಿಂದ ತಿದ್ದಿ, ‘ಇಂಡಿಯಾ ಮಾರ್ಕ್ ಎರಡು’ ಎಂಬ ಪಂಪನ್ನು ರೂಪಿಸಿತು. ನಮ್ಮ ಜನ ಬೋರಿಂಗು ಎಂದು ಕರೆಯುವುದು ಇದನ್ನೇ. ಇಲ್ಲಿ ಹುಟ್ಟಿದ ಪಂಪು ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ಪರದೇಶದ ಹಣವೂ ದೇಶದ ಕೈಗಾರಿಕೆಯ ಬುದ್ಧಿಯೂ ಕೂಡಿದ ಉತ್ತಮ ನಿದರ್ಶನವಿದು. ಎಷ್ಟೋ ಹೆಂಗಸರ ಎಷ್ಟೋ ಗಾವುದದ ನಡಿಗೆ ತಪ್ಪಿತು.

ಆದರೆ ಕಲ್ಲಿನ ಆಳದ ನೀರು ಬಾವಿಯ ನೀರಿನಂತಹುದಲ್ಲ. ಕಗ್ಗಲ್ಲಿನ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಕಲ್ಲಿನೊಳಗಣ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಒಂದು ಲೀಟರು ನೀರಿನಲ್ಲಿ ಅದು ೧.೫ ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕುಷ್ಟಗಿ, ಯಲಬುರ್ಗಿ, ಕೊಪ್ಪಳ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಅದು ಮೀರಿದೆ. ಮೊದಲು ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಬಹುಕಾಲ ಕುಡಿದರೆ ಎಲುಬು ಬಿಗಿದು, ಬೆನ್ನು ಬಾಗಿ, ನಡುವಯಸ್ಸಿನವನು ಮುದುಕನಂತಾಗುತ್ತಾನೆ. ಇದು ಹೊಸ ವಿಷಯವೂ ಅಲ್ಲ. ಮದರಾಸು ಪ್ರಾಂತದ ನೆಲ್ಲೂರಿನಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿ ಪ್ರಕಟಿಸಿದ್ದು ೧೯೩೭ರಲ್ಲಿ. ಕೊರೆಯುವ ಯಂತ್ರ ಹಳ್ಳಿಗೆ ಬರುವುದಕ್ಕೆ ಮೂರು ದಶಕಗಳ ಮುನ್ನವೇ ತಿಳಿವಳಿಕೆ ಸಿದ್ಧವಾಗಿತ್ತು. ಕೊರೆದ ಬಾವಿಗಳ ಲೆಕ್ಕವನ್ನು ಎಲ್ಲರೂ ಇಟ್ಟರು. ನೀರನ್ನು ಪರೀಕ್ಷಿಸಿ ಊರಿನವರಿಗೆ ತಿಳಿಸುವ ಕೆಲಸ ಯಾರ ಪಾಲಿಗೂ ಸರಿಯಾಗಿ ಬೀಳಲಿಲ್ಲ. ಮುಂದೆ ಶುದ್ಧ ನೀರಿನ ಘಟಕಗಳು ಬಂದವು. ಅವುಗಳ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಅದಕ್ಕೆ ಹಣವೂ ಬಲ್ಲವನೂ ಬೇಕು. ಇಲ್ಲವಾದಲ್ಲಿ ಘಟಕಕ್ಕೆ ಬೀಗ ಬಿದ್ದು ಜನ ಮತ್ತೆ ಬೋರಿಂಗಿಗೇ ಹೋಗುತ್ತಾರೆ.

ಈ ಸ್ಥಳದಲ್ಲಿ ನನ್ನ ವಾದದ ತಿರುಳನ್ನು ನಿಮ್ಮ ಮುಂದಿಡುತ್ತೇನೆ. ಹೊರಗಿನ ಸಹಾಯದಿಂದ ಆಗತಕ್ಕ ಕೆಲಸಗಳು ಎರಡು ಬಗೆಯವು. ಒಂದು, ಒಮ್ಮೆ ಮಾಡಿ ಮುಗಿಸತಕ್ಕದ್ದು. ಸಿಡುಬನ್ನು ನೋಡಿ. ಎಲ್ಲ ದೇಶಗಳೂ ಕೂಡಿ ಹಣ, ಲಸಿಕೆ, ವೈದ್ಯರನ್ನು ಒದಗಿಸಿದವು. ಭಾರತದಲ್ಲಿ ೧೯೭೫ರಲ್ಲಿ ಅದು ನಿಂತಿತು. ೧೯೮೦ರಲ್ಲಿ ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಒಂದು ತೋಳಿಗೆ ಒಂದು ಚುಚ್ಚು. ಆಮೇಲೆ ಆ ತೋಳಿಗೆ ಯಾರ ಉಸ್ತುವಾರಿಯೂ ಬೇಡ. ಇನ್ನೊಂದು, ದಿನದಿನವೂ ಯಾರಾದರೊಬ್ಬರು ನೋಡಿಕೊಳ್ಳಬೇಕಾದದ್ದು: ಪಂಪು, ಕಾಲುವೆ, ಶಾಲೆ, ಆಸ್ಪತ್ರೆ, ರಸ್ತೆ. ಮೊದಲನೆಯದರಲ್ಲಿ ಪರರಾಷ್ಟ್ರ ಸಹಾಯ ಅದ್ಭುತವಾದುದನ್ನು ಸಾಧಿಸಿದೆ. ಎರಡನೆಯದರಲ್ಲಿ ಮತ್ತೆ ಮತ್ತೆ ಎಡವಿದೆ. ಕಟ್ಟುವುದಕ್ಕೆ ಸಾಲ ಕೊಡುವವರು ಸಿಕ್ಕುತ್ತಾರೆ, ಉದ್ಘಾಟನೆಯ ಕಲ್ಲಿನ ಮೇಲೆ ಹೆಸರೂ ಬೀಳುತ್ತದೆ. ನಟ್ಟು ಬಿಗಿಯುವವನ ಸಂಬಳಕ್ಕೆ ದಾನಿಗಳು ಸಿಕ್ಕುವುದು ಅಪರೂಪ. ದುರದೃಷ್ಟಕ್ಕೆ, ದೇಶ ಬೆಳೆಯುವುದು ಹೆಚ್ಚಾಗಿ ಎರಡನೆಯ ಬಗೆಯ ಕೆಲಸಗಳಿಂದ.

ಪರದೇಶದವರನ್ನು ಮಾತ್ರವೇ ಹೀಗೆ ದೂರುವುದು ನ್ಯಾಯವಲ್ಲ. ಇರಕಲ್ಲಗಡಕ್ಕೆ ವಾಷಿಂಗ್ಟನ್ ಎಷ್ಟು ದೂರವೋ ಹೈದರಾಬಾದು, ದಿಲ್ಲಿ, ಬೆಂಗಳೂರುಗಳೂ ಒಂದು ಅರ್ಥದಲ್ಲಿ ಅಷ್ಟೇ ದೂರ. ತುಂಗಭದ್ರೆಯ ಅಣೆಕಟ್ಟನ್ನು ಕಟ್ಟಲು ಹೈದರಾಬಾದು ಮದರಾಸು ಸರಕಾರಗಳು ೧೯೪೪ರಲ್ಲಿ ಒಪ್ಪಿ, ೧೯೪೫ರ ಫೆಬ್ರವರಿಯಲ್ಲಿ ಅಸ್ತಿಭಾರವಿಟ್ಟವು. ೧೯೫೩ರಲ್ಲಿ ನೀರು ಬಿಡಲಾಯಿತು. ಕ್ಷಾಮಪೀಡಿತ ಸೀಮೆಗೆ ರಕ್ಷಣೆ ಕೊಡುವುದು ಅದರ ಉದ್ದೇಶ. ಆದ್ದರಿಂದಲೇ ನೀರನ್ನು ತೆಳುವಾಗಿ, ಬಹು ವಿಸ್ತಾರವಾದ ಭೂಮಿಗೆ, ಜೋಳ ಹತ್ತಿ ಶೇಂಗಾಗಳಂತಹ ಬೆಳೆಗಳಿಗೆ ಹಂಚಬೇಕೆಂದು ಯೋಜಿಸಿದರು. ನಡೆದದ್ದು ಬೇರೆ. ಕರಾವಳಿಯ ಆಂಧ್ರದಿಂದ ಬತ್ತದ ಬೇಸಾಯ ಬಲ್ಲ ರೈತರು ಬಂದು, ಭೂಮಿ ಕೊಂಡು, ಕ್ಯಾಂಪುಗಳೆಂಬ ಊರುಗಳನ್ನು ಕಟ್ಟಿದರು. ಅವರ ದುಡಿಮೆಯನ್ನು ಮೆಚ್ಚಲೇಬೇಕು. ಗಂಗಾವತಿ, ಕಾರಟಗಿಗಳು ಅಕ್ಕಿಯ ಪೇಟೆಗಳಾದವು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಬತ್ತ ತುಂಬಿದಷ್ಟೂ ಕೆಳಗಿನ ಮಾನ್ವಿ, ರಾಯಚೂರುಗಳ ರೈತನು ಒಣ ಕಾಲುವೆಯನ್ನು ನೋಡುತ್ತ ಕುಳಿತನು. ಹಂಚಿಕೆಯ ನಿಯಮ ಕಾಗದದಲ್ಲಿತ್ತು. ಅದನ್ನು ಜಾರಿಗೆ ತರಬಲ್ಲ ಅಧಿಕಾರವಾಗಲಿ, ಮೇಲಿನವರೂ ಕೆಳಗಿನವರೂ ಕೂಡಿ ಒಪ್ಪಿದ ಸಭೆಯಾಗಲಿ ಇರಲಿಲ್ಲ.

ಅಣೆಕಟ್ಟಿನ ಉಸ್ತುವಾರಿಯ ಕಥೆಯೂ ಇದಕ್ಕೆ ಸೇರಿದ್ದೇ. ಮೊದಲು ೧೩೩ ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು ೧೦೫ಕ್ಕೆ ಇಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅದರ ೩೩ ಗೇಟುಗಳಲ್ಲಿ ೧೯ನೆಯದರ ಸರಪಣಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ತುಂಬಿದ್ದ ನೀರು, ಅಂದರೆ ಎರಡನೆಯ ಬೆಳೆಯ ಆಸೆ, ರೈತರ ಕಣ್ಣೆದುರಿಗೇ ಹೊಳೆಯ ಪಾಲಾಯಿತು. ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿದ ಕೆಲಸಗಾರರ ಧೈರ್ಯಕ್ಕೆ ನಮಸ್ಕಾರ ಸಲ್ಲಬೇಕು.

ಹಾಗಾದರೆ ಬಡತನಕ್ಕೆಲ್ಲ ಬಡವರ ಅಲಕ್ಷ್ಯವೇ ಕಾರಣವೆ? ಅಲ್ಲ. ಹಾಗೆ ಹೇಳಿ ಕೈತೊಳೆದುಕೊಳ್ಳುವ ಪಂಡಿತರೂ ಪಾಶ್ಚಾತ್ಯ ದೇಶಗಳಲ್ಲಿ ಉಂಟು. ಆಫ್ರಿಕಾದ ಜಾಂಬಿಯಾವನ್ನು ನೋಡಿ. ೧೯೬೪ರಲ್ಲಿ ಸ್ವತಂತ್ರವಾದಾಗ ಅದರ ರಫ್ತೆಂದರೆ ಬಹುಪಾಲು ತಾಮ್ರ. ೧೯೭೦ರ ದಶಕದ ನಡುವೆ ತಾಮ್ರದ ಬೆಲೆ ಲಂಡನ್ ಪೇಟೆಯಲ್ಲಿ ಕುಸಿಯಿತು. ಶಾಲೆ ಆಸ್ಪತ್ರೆಗಳನ್ನು ನಡೆಸಲು ದೇಶವು ಸಾಲ ಮಾಡಿತು; ಸಾಲ ಡಾಲರಿನಲ್ಲಿ, ತೀರಿಸಬೇಕಾದದ್ದು ಅಗ್ಗವಾದ ತಾಮ್ರದಿಂದ. ೨೦೦೫ರಲ್ಲಿ ಬಹುಭಾಗ ಸಾಲ ಮನ್ನಾ ಆಯಿತು. ೨೦೨೦ರಲ್ಲಿ ಮತ್ತೆ ಕಂತು ತಪ್ಪಿತು. ಒಂದೇ ಬೆಳೆಯನ್ನು ನೆಚ್ಚಿ, ಬೆಲೆಯನ್ನು ಪೇಟೆಯ ದಲ್ಲಾಳಿಗೆ ಬಿಟ್ಟು, ಬಡ್ಡಿ ಕಟ್ಟುವ ಕುಷ್ಟಗಿಯ ಶೇಂಗಾ ರೈತನಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ, ಸಹಾಯದ ಹಣದಿಂದ ಸಹಾಯಕೊಟ್ಟ ದೇಶದ ಯಂತ್ರವನ್ನೇ ಕೊಳ್ಳಬೇಕು, ಅಲ್ಲಿಯ ತಜ್ಞನನ್ನೇ ಕರೆಸಬೇಕು ಎಂಬ ಕಟ್ಟಳೆಗಳು. ಸಂಪನ್ನ ದೇಶಗಳು ತಮ್ಮ ವರಮಾನದ ಶೇಕಡಾ ೦.೭ ಭಾಗವನ್ನು ಸಹಾಯಕ್ಕೆ ಕೊಡಬೇಕೆಂದು ವಿಶ್ವಸಂಸ್ಥೆ ೧೯೭೦ರಲ್ಲಿ ನಿರ್ಣಯಿಸಿತು. ಆ ಮಾತನ್ನು ನಡೆಸಿದ ದೇಶಗಳು ಬೆರಳೆಣಿಕೆಯಷ್ಟು. ಅಮೆರಿಕಾವಂತೂ ೧೯೬೧ರಲ್ಲಿ ತಾನು ಸ್ಥಾಪಿಸಿದ ಸಹಾಯ ಸಂಸ್ಥೆಯನ್ನು ೨೦೨೫ರಲ್ಲಿ ಮುಚ್ಚಿಬಿಟ್ಟಿತು. ಆಫ್ರಿಕಾದ ಎಷ್ಟೋ ಔಷಧಾಲಯಗಳಿಗೆ ಆ ಸುದ್ದಿಯೂ ಔಷಧದ ಕೊರತೆಯೂ ಒಟ್ಟಿಗೇ ತಲುಪಿದವು.

ನಮ್ಮ ರಾಜ್ಯ ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ವರದಿ ಒಪ್ಪಿಸಿ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದು ಎಣಿಸಿತು. ಕುಷ್ಟಗಿ, ಯಲಬುರ್ಗಿಗಳು ಅತ್ಯಂತ ಹಿಂದುಳಿದ ೩೯ರ ಪಟ್ಟಿಯಲ್ಲಿ ಸೇರಿದವು. ಎಂಟು ವರ್ಷಗಳಲ್ಲಿ ೩೧,೦೦೦ ಕೋಟಿ ರೂಪಾಯಿ ವೆಚ್ಚಮಾಡಬೇಕೆಂಬುದು ಸಲಹೆ. ೨೦೧೨ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ೩೭೧ (ಜೆ) ವಿಧಿ ಸೇರಿತು. ಆ ಪ್ರಾಂತದ ಮಕ್ಕಳಿಗೆ ವಿದ್ಯಾಸಂಸ್ಥೆಗಳಲ್ಲಿಯೂ ನೌಕರಿಯಲ್ಲಿಯೂ ಸ್ಥಾನಗಳು ಮೀಸಲಾದವು. ಹಣಕ್ಕಿಂತ ಈ ಎರಡನೆಯದರ ಮೇಲೆಯೇ ನನಗೆ ಹೆಚ್ಚು ಭರವಸೆ. ಕೊಪ್ಪಳದ ಹುಡುಗಿಯೊಬ್ಬಳು ವೈದ್ಯಳಾದರೆ, ಎಂಜಿನಿಯರಳಾದರೆ, ಕೆಟ್ಟ ಪಂಪನ್ನು ನೋಡಲು ಬೆಂಗಳೂರಿನಿಂದ ಯಾರೂ ಹೊರಡಬೇಕಾಗಿಲ್ಲ. ೨೦೦೨ರಲ್ಲಿ ಆರಂಭವಾದ, ವಿಶ್ವಬ್ಯಾಂಕಿನ ಸಾಲದ ಜಲನಿರ್ಮಲ ಯೋಜನೆಯಲ್ಲಿ ಕೂಡ ಊರಿನವರೂ ಒಂದು ಪಾಲು ಹಣ ಹಾಕಿ, ಸಮಿತಿ ಮಾಡಿಕೊಂಡು, ನಡೆಸುವ ವೆಚ್ಚವನ್ನು ತಾವೇ ಹೊರಬೇಕೆಂಬ ಷರತ್ತಿತ್ತು. ಷರತ್ತು ಒಳ್ಳೆಯದೇ, ಆದರೆ ಮಳೆ ತಪ್ಪಿ ಅರ್ಧ ಊರು ಗುಳೆ ಹೋದ ವರ್ಷ ನೀರಿನ ಕರವನ್ನು ಕೊಡುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕೊನೆಯದಾಗಿ ಒಂದು ಸಂಗತಿ. ಕೊಪ್ಪಳ ಗಂಗಾವತಿ ತಾಲ್ಲೂಕುಗಳಲ್ಲಿ, ಹೊಳೆಯ ದಂಡೆಗೆ ಅಂಟಿಕೊಂಡು, ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಎಂದು ಹೆಸರುಳ್ಳ ಹಳೆಯ ಕಾಲುವೆಗಳುಂಟು. ವಿಜಯನಗರದ ಕಾಲದವು, ಅವುಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ರಾಜ್ಯವೇ ಅಳಿದು ನಾಲ್ಕೂವರೆ ಶತಮಾನ ಸಂದರೂ ಕಾಲುವೆ ಅಳಿಯಲಿಲ್ಲ. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ ಎಂಬ ಶಬ್ದಗಳು ಪರಿಚಿತ: ಕೆರೆ ಕಾಲುವೆ ಕಟ್ಟಿದವನಿಗೂ ದುರಸ್ತು ಮಾಡಿದವನಿಗೂ ಅದೇ ನೀರು ಉಣ್ಣುವ ಭೂಮಿಯಲ್ಲಿ ಒಂದು ಪಾಲನ್ನು ಬಿಡುತ್ತಿದ್ದರು. ಕಟ್ಟುವ ದಿನವೇ ಕಾಯುವವನ ಅನ್ನವನ್ನೂ ಗೊತ್ತುಮಾಡಿ ಕಲ್ಲಿನಲ್ಲಿ ಬರೆಯುತ್ತಿದ್ದರು. ನಮ್ಮ ಮೈಸೂರಿನ ಕಡೆಯ ನೀರಗಂಟಿಗೂ ಕಣದಲ್ಲಿ ಧಾನ್ಯದ ಪಾಲಿರುತ್ತಿತ್ತು. ೨೦೧೪ರ ಸುಮಾರಿನಲ್ಲಿ ಈ ವಿಜಯನಗರ ಕಾಲುವೆಗಳನ್ನು ಆಧುನಿಕಗೊಳಿಸಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ಮಂಜೂರಾಯಿತು. ಕಲ್ಲಿನ ಬದಿಗೆ ಕಾಂಕ್ರೀಟು ಬಂದಿತು. ಸಾಲವನ್ನು ನಮ್ಮ ಮಕ್ಕಳು ತೀರಿಸುವರು. ಆ ಕಾಂಕ್ರೀಟಿನ ಬಿರುಕನ್ನು ಇನ್ನು ಇಪ್ಪತ್ತು ವರ್ಷಗಳ ಮೇಲೆ ಯಾರು, ಯಾವ ಪಾಲಿನಿಂದ ಮುಚ್ಚತಕ್ಕದ್ದೆಂಬುದನ್ನು ಆನೆಗೊಂದಿಯ ರೈತರು ಈಗಲೇ ಕೇಳಿ ತಿಳಿದುಕೊಳ್ಳುವುದು ಲೇಸು.